ಮೋಟಾರಿಗೆ ಶ್ರುತಿ ಕೂಡಿಸುವ ಗಣಿತ

ಹೊಸೂರಿನ ಸಿಪ್‌ಕಾಟ್ ಕೈಗಾರಿಕಾ ವಲಯಕ್ಕೆ ದಿನವೂ ಕೆಲಸಕ್ಕೆ ಹೋಗುವವರಲ್ಲಿ ಕನ್ನಡ ಮನೆಮಾತಿನ ತರುಣರೂ ಇದ್ದಾರೆ. ಪೆಟ್ರೋಲ್ ದ್ವಿಚಕ್ರ ವಾಹನಗಳಿಗೆ ಹೆಸರಾದ ಆ ಊರಿನಲ್ಲಿ ಈಗ ಎಲೆಕ್ಟ್ರಿಕ್ ಸ್ಕೂಟರುಗಳೂ ತಯಾರಾಗುತ್ತವೆ. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿ ಪಾಲಿಟೆಕ್ನಿಕ್ ಸೇರುವ ಗಡಿನಾಡಿನ ಮಕ್ಕಳು, ಕಾಸರಗೋಡಿನವರಾಗಲಿ ಆದವಾನಿಯವರಾಗಲಿ, ಮೋಟಾರ್ ನಿಯಂತ್ರಣದ ಪಾಠವನ್ನು ಮೊದಲ ಬಾರಿಗೆ ಎದುರಿಸುವುದು ಇಂಗ್ಲಿಷಿನಲ್ಲಿಯೇ. ಸೂತ್ರವನ್ನು ಬಾಯಿಪಾಠ ಮಾಡಿ ಪರೀಕ್ಷೆ ದಾಟುವುದು ಬೇರೆ, ವಿಷಯ ತಿಳಿಯುವುದು ಬೇರೆ. ಆ ತಿರುಳನ್ನು ಇಲ್ಲಿ ನಮ್ಮ ಮಾತಿನಲ್ಲಿ ವಿವರಿಸಲು ಯತ್ನಿಸಿದ್ದೇವೆ.

ಸರಳವಾದ ಒಂದು ಡಿ.ಸಿ. ಮೋಟಾರನ್ನು ತೆಗೆದುಕೊಳ್ಳೋಣ. ಅದರ ಸುರುಳಿಯ ರೋಧ 2 ಓಮ್, ನಾವು ಕೊಡುವುದು 24 ವೋಲ್ಟ್. ನಿಂತಿರುವ ಮೋಟಾರಿಗೆ ವಿದ್ಯುತ್ ಕೊಟ್ಟ ಕೂಡಲೇ 12 ಆಂಪಿಯರ್‌ನತ್ತ ಪ್ರವಾಹ ನುಗ್ಗುತ್ತದೆ. ಆದರೆ ಮೋಟಾರು ತಿರುಗತೊಡಗಿದಂತೆ ತಾನೇ ಒಂದು ಎದುರು ವೋಲ್ಟೇಜನ್ನು ಹುಟ್ಟಿಸಿ ಪ್ರವಾಹವನ್ನು ತಗ್ಗಿಸುತ್ತದೆ. ಸೆಕೆಂಡಿಗೆ ಒಂದು ರೇಡಿಯನ್ ವೇಗಕ್ಕೆ 0.1 ವೋಲ್ಟಿನಂತೆ ಅದು ಹುಟ್ಟುವುದಾದರೆ, ಹೊರೆಗೆ 2 ಆಂಪಿಯರ್ ಬೇಕಾದಾಗ ಸುರುಳಿಯಲ್ಲಿ 4 ವೋಲ್ಟ್ ಕಳೆದು ಉಳಿದ 20 ವೋಲ್ಟಿಗೆ ವೇಗ 200 ರೇಡಿಯನ್, ಅಂದರೆ ನಿಮಿಷಕ್ಕೆ ಸುಮಾರು 1,910 ಸುತ್ತು. ಇಷ್ಟನ್ನೂ ಸಮೀಕರಣದಲ್ಲಿ ಬರೆದರೆ ಅದೇ ಮೋಟಾರಿನ ‘ಮಾದರಿ’.

ತೊಡಕಿರುವುದು ಅಂಕಿಗಳಲ್ಲಿ. ಘರ್ಷಣೆ, ಜಡತ್ವ ಮೊದಲಾದವು ಮೋಟಾರಿನ ಮೇಲಂಟಿಸಿದ ಫಲಕದಲ್ಲಿ ಇರುವುದಿಲ್ಲ. ಸುರುಳಿ ಬಿಸಿಯಾದಂತೆ ರೋಧವೂ ಏರುತ್ತದೆ. ಆದ್ದರಿಂದ ಮೋಟಾರನ್ನು ಓಡಿಸಿ, ಅಳೆದ ವೇಗಕ್ಕೂ ಮಾದರಿ ಹೇಳುವ ವೇಗಕ್ಕೂ ಇರುವ ವ್ಯತ್ಯಾಸಗಳ ವರ್ಗಗಳನ್ನು ಕೂಡಿ, ಆ ಮೊತ್ತ ಅತಿ ಕಡಿಮೆಯಾಗುವಂತಹ ಅಂಕಿಗಳನ್ನು ಹುಡುಕುತ್ತಾರೆ. ಧೂಮಕೇತುಗಳ ಕಕ್ಷೆಯನ್ನು ಲೆಕ್ಕಹಾಕಲೆಂದು ಫ್ರಾನ್ಸಿನ ಲಜಾಂಡ್ರ್ 1805ರಲ್ಲಿ ಪ್ರಕಟಿಸಿದ ವಿಧಾನವೇ ಇಂದು ಕಾರ್ಖಾನೆಯ ಮೋಟಾರಿಗೂ ಒದಗಿಬರುತ್ತಿದೆ. ಹೀಗೆ ಅತ್ಯುತ್ತಮ ಅಂಕಿಗಳನ್ನು ಕ್ರಮಬದ್ಧವಾಗಿ ಹುಡುಕುವುದೇ ಆಪ್ಟಿಮೈಸೇಶನ್.

ಮಾದರಿ ಸಿಕ್ಕಿತು, ಇನ್ನು ನಿಯಂತ್ರಣ. ಬಹುಪಾಲು ಕಡೆಗಳಲ್ಲಿ ಬಳಕೆಯಲ್ಲಿರುವುದು ಪಿಐಡಿ ನಿಯಂತ್ರಕ. ಬೇಕಾದ ವೇಗಕ್ಕೂ ಇರುವ ವೇಗಕ್ಕೂ ಈಗಿನ ಅಂತರವೆಷ್ಟು, ಈವರೆಗೆ ಕೂಡಿಬಂದ ಅಂತರವೆಷ್ಟು, ಅಂತರ ಬದಲಾಗುವ ವೇಗವೆಷ್ಟು ಎಂಬ ಮೂರನ್ನೂ ಅದು ನೋಡುತ್ತದೆ. ಯಾವುದಕ್ಕೆ ಎಷ್ಟು ತೂಕ ಕೊಡಬೇಕೆಂಬುದೇ ಪ್ರಶ್ನೆ. ತಂಬೂರಿಯ ಶ್ರುತಿ ಕೂಡಿಸಿದಂತೆಯೇ ಇದು: ಬಿರಡೆಯನ್ನು ಒಂದಿಷ್ಟು ಹೆಚ್ಚು ತಿರುಗಿಸಿದರೂ ಕೆಟ್ಟಿತು. ಜೀಗ್ಲರ್ ಮತ್ತು ನಿಕೋಲ್ಸ್ 1942ರಲ್ಲಿ ಒಂದು ಉಪಾಯ ಹೇಳಿದರು. ಮೊದಲನೆಯ ತೂಕವನ್ನಷ್ಟೇ ಏರಿಸುತ್ತ ಹೋಗಿ, ಯಂತ್ರ ನಿಲ್ಲದೆ ಓಲಾಡತೊಡಗಿದಾಗ ಆ ತೂಕದ 0.6 ಪಾಲನ್ನು ಇಟ್ಟುಕೊಳ್ಳುವುದು. ಉಳಿದೆರಡನ್ನು ಓಲಾಟದ ಅವಧಿಯಿಂದ ಪಡೆಯುವುದು. ಇಂದಿಗೂ ಅದು ಒಳ್ಳೆಯ ಆರಂಭವೇ, ಆದರೆ ವೇಗ ಗುರಿಯನ್ನು ದಾಟಿ ಹಿಂತಿರುಗುವ ದೋಷ ಅದರಲ್ಲಿ ಹೆಚ್ಚು.

ಕಂಪ್ಯೂಟರ್ ಬಂದ ಮೇಲೆ ಬೇರೆ ದಾರಿಗಳು ತೆರೆದವು. ಕೆನಡಿ ಮತ್ತು ಎಬರ್‌ಹಾರ್ಟ್ 1995ರಲ್ಲಿ ಹಕ್ಕಿಗಳ ಹಿಂಡಿನ ನಡೆಯಿಂದ ಸೂಚನೆ ಪಡೆದು ‘ಕಣಗಳ ಹಿಂಡು’ ಎಂಬ ಕ್ರಮವನ್ನು ರೂಪಿಸಿದರು. ಮೂವತ್ತು ಕಣಗಳಿವೆಯೆನ್ನೋಣ, ಪ್ರತಿಯೊಂದೂ ಮೂರು ತೂಕಗಳ ಒಂದು ಊಹೆ. ಎಲ್ಲವನ್ನೂ ಮಾದರಿಯ ಮೇಲೆ ಪರೀಕ್ಷಿಸಿ ಅಂಕ ಕೊಡಲಾಗುತ್ತದೆ. ಪ್ರತಿಯೊಂದು ಕಣವೂ ತಾನು ಕಂಡ ಅತ್ಯುತ್ತಮ ಸ್ಥಾನದ ಕಡೆಗೂ ಹಿಂಡು ಕಂಡ ಅತ್ಯುತ್ತಮ ಸ್ಥಾನದ ಕಡೆಗೂ ಸ್ವಲ್ಪ ಸ್ವಲ್ಪ ಸರಿಯುತ್ತದೆ. ಕೆಲವು ಹತ್ತು ಸುತ್ತುಗಳಲ್ಲಿ ಹಿಂಡು ಒಂದೆಡೆ ನೆರೆಯುವುದುಂಟು. ಆದರೆ ಅದೇ ಸರ್ವೋತ್ತಮ ಸ್ಥಾನವೆಂಬ ಖಾತರಿಯಿಲ್ಲ.

ನಮ್ಮ ದೃಷ್ಟಿಯಲ್ಲಿ ವಿದ್ಯಾರ್ಥಿಗಳು ಹೆಚ್ಚು ಗಮನ ಕೊಡಬೇಕಾದದ್ದು ಹಿಂಡಿಗಲ್ಲ, ಆ ಅಂಕಕ್ಕೆ. ವೇಗದ ಅಂತರ ಬೇಗ ತಗ್ಗಬೇಕೆಂದಷ್ಟೇ ಹೇಳಿದರೆ ಗಣಕ ಹಾಗೆಯೇ ಮಾಡುತ್ತದೆ: ಮೋಟಾರಿಗೆ ವಿಪರೀತ ಪ್ರವಾಹ ಬೇಡುವ ತೂಕಗಳನ್ನು ಆರಿಸಿಕೊಡುತ್ತದೆ. ಪರದೆಯ ಮೇಲೆ ಗೆರೆ ಸುಂದರ. ಮೇಜಿನ ಮೇಲೆ ಸುರುಳಿ ಸುಟ್ಟ ವಾಸನೆ. ಪ್ರವಾಹಕ್ಕೂ ಗುರಿ ದಾಟುವಿಕೆಗೂ ದಂಡ ವಿಧಿಸಿ ಅಂಕವನ್ನು ಕಟ್ಟಬೇಕು. ಏನನ್ನು ಕೇಳಬೇಕೆಂಬ ತೀರ್ಮಾನ ಮನುಷ್ಯನದೇ.

ಎರಡು ಚಕ್ರಗಳಿಗೆ ಎರಡು ಮೋಟಾರು ಜೋಡಿಸಿದರೆ ಚಲಿಸುವ ರೋಬೋ ಆಯಿತು. ಎತ್ತಿನ ಗಾಡಿಯ ಒಂದು ಚಕ್ರ ಕೊಂಚ ಸವೆದಿದ್ದರೆ ಗಾಡಿ ಒಂದು ಕಡೆಗೆ ಎಳೆಯುವುದನ್ನು ಬಲ್ಲವರಿಗೆ ಇಲ್ಲಿನ ಕಷ್ಟ ಹೊಸದಲ್ಲ. ಚಕ್ರಗಳ ನಡುವೆ 40 ಸೆಂಟಿಮೀಟರ್ ಅಂತರವಿದ್ದು ಅವುಗಳ ವ್ಯಾಸದಲ್ಲಿ ಶೇಕಡಾ 1ರಷ್ಟು ವ್ಯತ್ಯಾಸವಿದ್ದರೆ, 10 ಮೀಟರ್ ಓಡುವಷ್ಟರಲ್ಲಿ ರೋಬೋ ಸುಮಾರು 14 ಡಿಗ್ರಿ ತಿರುಗಿ, ಒಂದೂಕಾಲು ಮೀಟರ್ ಪಕ್ಕಕ್ಕೆ ಸರಿದಿರುತ್ತದೆ. ತಾನು ನೇರ ಬಂದೆನೆಂದೇ ಅದರ ಲೆಕ್ಕ! ಮಿಚಿಗನ್ ವಿಶ್ವವಿದ್ಯಾಲಯದ ಬೋರೆನ್‌ಸ್ಟೈನ್ ಮತ್ತು ಫೆಂಗ್ 1990ರ ದಶಕದಲ್ಲಿ ಇದಕ್ಕೊಂದು ಪರೀಕ್ಷೆ ರೂಪಿಸಿದರು. ರೋಬೋವನ್ನು ಚೌಕಾಕಾರದ ಹಾದಿಯಲ್ಲಿ ಪ್ರದಕ್ಷಿಣವಾಗಿ ಹಲವು ಸಲ, ಅಪ್ರದಕ್ಷಿಣವಾಗಿ ಹಲವು ಸಲ ಓಡಿಸಿ, ಹೊರಟ ಜಾಗದಿಂದ ಎಷ್ಟು ದೂರದಲ್ಲಿ ನಿಂತಿತೆಂದು ಅಳೆಯುವುದು. ಎರಡೂ ದಿಕ್ಕುಗಳಲ್ಲಿ ಓಡಿಸುವುದೇಕೆಂದರೆ, ಚಕ್ರದ ವ್ಯಾಸದ ತಪ್ಪೂ ಚಕ್ರಗಳ ನಡುವಿನ ಅಂತರದ ತಪ್ಪೂ ಒಂದು ದಿಕ್ಕಿನಲ್ಲಿ ಪರಸ್ಪರ ಮರೆಮಾಚಿಕೊಂಡು, ಇನ್ನೊಂದು ದಿಕ್ಕಿನಲ್ಲಿ ಕೂಡಿಕೊಂಡು ಬಯಲಾಗುತ್ತವೆ. ನೆಲಕ್ಕೆ ಬಳಪದಲ್ಲಿ ಚೌಕ ಬರೆದು, ಅಳತೆಪಟ್ಟಿ ಹಿಡಿದು, ಯಾವ ಶಾಲೆಯ ಅಂಗಳದಲ್ಲಾದರೂ ಇದನ್ನು ಮಾಡಿ ನೋಡಬಹುದು.