ನ್ಯಾಯಾಲಯದ ಕಾದಂಬರಿಯಲ್ಲಿ ಕುತೂಹಲದ ನೆಲೆ: ‘ಅನಾಟಮಿ ಆಫ್ ಎ ಮರ್ಡರ್’

ಅಪರಾಧವನ್ನು ವಸ್ತುವಾಗುಳ್ಳ ಕಾದಂಬರಿಗಳಲ್ಲಿ ಎರಡು ಬಗೆಗಳನ್ನು ಕಾಣಬಹುದು. ಕೊಂದವರು ಯಾರೆಂಬ ಪ್ರಶ್ನೆಯೊಂದರಿಂದಲೇ ಓದುಗನನ್ನು ಕಡೆಯ ಪುಟದವರೆಗೆ ಸೆಳೆದೊಯ್ಯುವ ಪತ್ತೇದಾರಿ ಕಥೆ ಒಂದು ಬಗೆ. ಕೊಂದವನು ಯಾರೆಂಬುದು ಮೊದಲಿಗೇ ತಿಳಿದಿದ್ದು, ಆ ಕೃತ್ಯಕ್ಕೆ ಕಾನೂನು ಯಾವ ಹೆಸರನ್ನಿಡುವುದೆಂಬುದರಲ್ಲಿ ಕುತೂಹಲವನ್ನು ನಿಲ್ಲಿಸುವ ನ್ಯಾಯಾಲಯದ ಕಥೆ ಇನ್ನೊಂದು ಬಗೆ. ರಾಬರ್ಟ್ ಟ್ರೇವರ್ ಎಂಬ ಕಾವ್ಯನಾಮದಲ್ಲಿ 1958ರಲ್ಲಿ ಪ್ರಕಟವಾದ ಅಮೆರಿಕದ ಕಾದಂಬರಿ ‘ಅನಾಟಮಿ ಆಫ್ ಎ ಮರ್ಡರ್’ ಎರಡನೆಯ ಬಗೆಗೆ ಉತ್ತಮ ನಿದರ್ಶನ.

ಕಾವ್ಯನಾಮದ ಹಿಂದಿದ್ದವರು ಜಾನ್ ಡಿ. ವೋಲ್ಕರ್. ಮಿಶಿಗನ್ ಸಂಸ್ಥಾನದ ಉತ್ತರ ಭಾಗದ ಗಣಿಯೂರಾದ ಇಷ್ಪೆಮಿಂಗಿನಲ್ಲಿ 1903ರಲ್ಲಿ ಹುಟ್ಟಿದ ಇವರು ಹಲವು ವರ್ಷ ಸರಕಾರಿ ವಕೀಲರಾಗಿದ್ದು, ಬಳಿಕ ಆರೋಪಿಗಳ ಪರವಾಗಿ ವಾದಿಸಿದರು. ಅದೇ ಸೀಮೆಯ ಬಿಗ್ ಬೇ ಎಂಬಲ್ಲಿ 1952ರಲ್ಲಿ ಸೈನ್ಯಾಧಿಕಾರಿಯೊಬ್ಬನು ಪಾನಗೃಹದ ಒಡೆಯನನ್ನು ಗುಂಡಿಟ್ಟು ಕೊಂದಾಗ, ಆರೋಪಿಯ ಪರ ನಿಂತು ಗೆದ್ದವರೂ ಇವರೇ. ಆ ಮೊಕದ್ದಮೆಯೇ ಕಾದಂಬರಿಯ ಬೀಜ. ಗ್ರಂಥವು ಹೊರಬಂದಾಗ ವೋಲ್ಕರ್ ಅವರು ಮಿಶಿಗನ್ ಸುಪ್ರೀಂ ಕೋರ್ಟಿನ ನ್ಯಾಯಾಧೀಶರಾಗಿದ್ದರು. ಆದುದರಿಂದ ಇಲ್ಲಿಯ ನ್ಯಾಯಾಲಯವು ಊಹೆಯಿಂದ ಕಟ್ಟಿದ್ದಲ್ಲ, ಅನುಭವದಿಂದ ಮೂಡಿದ್ದು.

ಕಥೆಯ ಚೌಕಟ್ಟು ಸರಳವಾಗಿದೆ. ಪಾನಗೃಹದ ಒಡೆಯ ಬಾರ್ನಿ ಕ್ವಿಲ್ ತನ್ನ ಮೇಲೆ ಬಲಾತ್ಕಾರ ನಡೆಸಿದನೆಂದು ಲಾರಾ ಗಂಡನಿಗೆ ಹೇಳುತ್ತಾಳೆ. ಗಂಡನಾದ ಲೆಫ್ಟಿನೆಂಟ್ ಮ್ಯಾನಿಯನ್ ಪಾನಗೃಹಕ್ಕೆ ನಡೆದು, ಎಲ್ಲರೂ ನೋಡುತ್ತಿರುವಂತೆಯೇ ಕ್ವಿಲ್‌ನನ್ನು ಕೊಲ್ಲುತ್ತಾನೆ. ಚುನಾವಣೆಯಲ್ಲಿ ಸೋತು ಸರಕಾರಿ ವಕೀಲನ ಹುದ್ದೆಯನ್ನು ಕಳೆದುಕೊಂಡಿದ್ದ ಪಾಲ್ ಬೀಗ್ಲರ್ ಈ ಪ್ರಕರಣವನ್ನು ಕೈಗೆತ್ತಿಕೊಳ್ಳುತ್ತಾನೆ. ಕುಡಿತದಿಂದ ಕೆಟ್ಟ ವೃದ್ಧ ವಕೀಲ ಪಾರ್ನೆಲ್ ಮೆಕಾರ್ಥಿ ಅವನಿಗೆ ನೆರವಾಗುತ್ತಾನೆ.

ಈ ಕಾದಂಬರಿಯ ನಿಜವಾದ ಅಪಾಯಸ್ಥಾನವು ನ್ಯಾಯಾಲಯದಲ್ಲಿಲ್ಲ, ಸೆರೆಮನೆಯಲ್ಲಿದೆ. ಕಕ್ಷಿದಾರನಿಂದ ಘಟನೆಯ ವಿವರಗಳನ್ನು ಪೂರ್ತಿಯಾಗಿ ಕೇಳಿಕೊಳ್ಳುವ ಮೊದಲೇ ಬೀಗ್ಲರ್ ಅವನಿಗೆ ಕೊಲೆಯ ಕಾನೂನನ್ನು ಬೋಧಿಸುತ್ತಾನೆ. ಕೊಲೆಯೇ ನಡೆದಿಲ್ಲವೆನ್ನಬಹುದು, ನಡೆಸಿದವನು ತಾನಲ್ಲವೆನ್ನಬಹುದು, ನಡೆಸಿದ್ದು ನ್ಯಾಯಸಮ್ಮತವೆನ್ನಬಹುದು, ಅಥವಾ ಕ್ಷಮಾರ್ಹವೆನ್ನಬಹುದು. ಒಂದೊಂದಾಗಿ ಮೂರು ಬಾಗಿಲುಗಳೂ ಮುಚ್ಚಿದಾಗ, ತನ್ನ ಚಿತ್ತ ಆಗ ಸ್ಥಿಮಿತದಲ್ಲಿರಲಿಲ್ಲವೆಂಬ ಸಮಾಧಾನ ಲೆಫ್ಟಿನೆಂಟನ ಬಾಯಿಂದಲೇ ಹೊರಡುತ್ತದೆ. ವಕೀಲನು ಸುಳ್ಳನ್ನು ಹೇಳಿಕೊಡಲಿಲ್ಲ, ಕಾನೂನನ್ನಷ್ಟೇ ವಿವರಿಸಿದ. ಆದರೆ ಆ ವಿವರಣೆಯಿಲ್ಲದಿದ್ದರೆ ಆ ಮಾತು ಹೊರಡುತ್ತಿತ್ತೇ? ಕಾನೂನನ್ನು ತಿಳಿಯುವುದು ಆರೋಪಿಯ ಹಕ್ಕು. ತಿಳಿದ ಮೇಲೆ ಅವನ ನೆನಪು ಕಾನೂನಿನ ಅಚ್ಚಿಗೆ ಇಳಿಯುವುದು ಮಾನವಸ್ವಭಾವ. ಇವೆರಡರ ನಡುವಣ ಗೆರೆ ಕೂದಲೆಳೆಯಷ್ಟು ತೆಳುವಾದದ್ದು. ವಕೀಲನು ನಡೆಯಬೇಕಾದದ್ದು ಅದರ ಮೇಲೆಯೇ.

ಮುಂದಿನ ತೊಡಕು ಶುದ್ಧ ಕಾನೂನಿನದು. ಇಂಗ್ಲೆಂಡಿನಲ್ಲಿ 1843ರ ಮ್ಯಾಕ್‌ನಾಟನ್ ಪ್ರಕರಣದಿಂದ ಹುಟ್ಟಿದ ಸೂತ್ರದಂತೆ, ಕೃತ್ಯದ ಸ್ವರೂಪವನ್ನಾಗಲಿ ಅದು ತಪ್ಪೆಂಬುದನ್ನಾಗಲಿ ಅರಿಯದಷ್ಟು ಬುದ್ಧಿ ಕೆಟ್ಟಿದ್ದವನಿಗೆ ಮಾತ್ರ ಚಿತ್ತವಿಕಲತೆಯ ರಕ್ಷಣೆಯುಂಟು. ತಾನು ಮಾಡುತ್ತಿರುವುದೇನೆಂಬುದನ್ನು ಬಲ್ಲವನು ಆವೇಗವನ್ನು ತಡೆಯಲಾರದೆ ಹೋದರೆ ಆ ಸೂತ್ರ ಅವನನ್ನು ಕಾಯುವುದಿಲ್ಲ. ಬೀಗ್ಲರ್ ಮತ್ತು ಪಾರ್ನೆಲ್ ಹಳೆಯ ತೀರ್ಪುಗಳ ಸಂಪುಟಗಳನ್ನು ಜಾಲಾಡಿ, ತಡೆಯಲಾರದ ಆವೇಗವನ್ನೂ ಮಿಶಿಗನ್ ಸಂಸ್ಥಾನವು ಮನ್ನಿಸುತ್ತದೆಂಬುದಕ್ಕೆ 1886ರ ಡರ್ಫೀ ಪ್ರಕರಣದಲ್ಲಿ ಆಧಾರವನ್ನು ಕಾಣುತ್ತಾರೆ. ಧೂಳು ಹಿಡಿದ ಪುಸ್ತಕವೊಂದನ್ನು ತೆರೆಯುವ ಕ್ಷಣವನ್ನು ಪಿಸ್ತೂಲಿನ ಸದ್ದಿಗಿಂತ ರೋಮಾಂಚಕವಾಗಿಸಿದ್ದು ಈ ಕೃತಿಯ ವಿಶೇಷ. ಕೊಲೆಗೆ ಕಾರಣವಾದ ಬಲಾತ್ಕಾರದ ಸಂಗತಿ ಜ್ಯೂರಿಯ ಕಿವಿಗೆ ಬೀಳದಂತೆ ಸರಕಾರದ ಪಕ್ಷ ತಡೆಯಲೆತ್ನಿಸುವುದೂ, ಬೀಗ್ಲರ್ ಅದನ್ನು ಒಳತರುವುದೂ, ರಾಜಧಾನಿಯಿಂದ ಬಂದ ಚತುರ ವಕೀಲ ಕ್ಲಾಡ್ ಡ್ಯಾನ್ಸರನ ಪಾಟೀಸವಾಲೂ ಇದೇ ಹೋರಾಟದ ಮುಂದಿನ ಅಂಗಗಳು.

ಮುಂಬಯಿಯ ಓದುಗರಿಗೆ ಇಲ್ಲಿ ನಾನಾವತಿ ಮೊಕದ್ದಮೆ ನೆನಪಾಗುವುದು ಸಹಜ. ಕಾದಂಬರಿ ಪ್ರಕಟವಾದ ಮರುವರ್ಷವೇ, ಎಂದರೆ 1959ರಲ್ಲಿ, ನೌಕಾಪಡೆಯ ಕಮಾಂಡರ್ ಕೆ. ಎಂ. ನಾನಾವತಿ ತನ್ನ ಹೆಂಡತಿಯ ಪ್ರಣಯಿಯನ್ನು ಗುಂಡಿಟ್ಟು ಕೊಂದ ಆರೋಪಕ್ಕೆ ಗುರಿಯಾದ. ಹೆಣಗಾಟದಲ್ಲಿ ಗುಂಡು ಆಕಸ್ಮಿಕವಾಗಿ ಹಾರಿತೆಂಬುದು ಅವನ ವಾದ. ಜ್ಯೂರಿಯ ಎಂಟು ಮಂದಿ ನಿರ್ದೋಷಿಯೆಂದರು, ಒಬ್ಬರು ಒಪ್ಪಲಿಲ್ಲ. ಸೆಷನ್ಸ್ ನ್ಯಾಯಾಧೀಶರು ಆ ಅಭಿಪ್ರಾಯವನ್ನು ಸ್ವೀಕರಿಸದೆ ಪ್ರಕರಣವನ್ನು ಹೈಕೋರ್ಟಿಗೆ ಒಪ್ಪಿಸಿದರು, ಅಲ್ಲಿ ಶಿಕ್ಷೆಯಾಯಿತು. ಹೆಂಡತಿಯ ಮಾತನ್ನು ಕೇಳಿ ಮನೆಯಿಂದ ಹೊರಟ ಹೊತ್ತಿಗೂ ಗುಂಡು ಹಾರಿದ ಹೊತ್ತಿಗೂ ನಡುವೆ ಸುಮಾರು ಮೂರು ಗಂಟೆ ಕಳೆದಿದ್ದುದರಿಂದ, ಗಂಭೀರವೂ ಹಠಾತ್ತೂ ಆದ ಪ್ರಚೋದನೆಯ ವಿನಾಯಿತಿ ಸಲ್ಲದೆಂದು ಸುಪ್ರೀಂ ಕೋರ್ಟು 1961ರಲ್ಲಿ ನಿರ್ಣಯಿಸಿತು. ಲೆಫ್ಟಿನೆಂಟನನ್ನು ಉಳಿಸಿದ ಬಾಗಿಲು ಭಾರತದಲ್ಲಿ ತೆರೆದಿರಲೂ ಇಲ್ಲ: 1860ರ ದಂಡಸಂಹಿತೆಯ 84ನೆಯ ಕಲಮು ಮ್ಯಾಕ್‌ನಾಟನ್ ಸೂತ್ರದ ದಾರಿಯಲ್ಲೇ ನಡೆದಿತ್ತು. 2024ರಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 22ನೆಯ ಕಲಮಿನಲ್ಲಿಯೂ ಅದೇ ತತ್ತ್ವ ಉಳಿದಿದೆ. ಬರಿಯ ಆವೇಗ ಇಲ್ಲಿ ರಕ್ಷಣೆಯಾಗದು. ಎಂದ ಮೇಲೆ ಒಂದೇ ಬಗೆಯ ಕೃತ್ಯ ಒಂದು ನಾಡಿನಲ್ಲಿ ಬಿಡುಗಡೆಗೂ ಇನ್ನೊಂದು ನಾಡಿನಲ್ಲಿ ಸೆರೆಗೂ ದಾರಿಯಾಗಬಹುದು.

ಕಾದಂಬರಿಯ ಲೆಫ್ಟಿನೆಂಟನಿಗೆ ಬಿಡುಗಡೆಯಾಗುತ್ತದೆ. ಅವನು ವಕೀಲನ ಫೀಜನ್ನೂ ಕೊಡದೆ ಊರು ಬಿಟ್ಟು ಹೋಗುತ್ತಾನೆ. ಇದು ಬರಿಯ ವಿನೋದವಲ್ಲ. ಅವನು ನಿಜವಾಗಿಯೂ ಚಿತ್ತವಿಕಲನಾಗಿದ್ದನೇ, ಕಲಿಸಿದ ಪಾಠವನ್ನು ಒಪ್ಪಿಸಿದನೇ ಎಂಬ ಸಂದೇಹವನ್ನು ಗ್ರಂಥಕರ್ತರು ಬೇಕೆಂದೇ ಬಗೆಹರಿಸದೆ ಬಿಟ್ಟಿದ್ದಾರೆ. ನ್ಯಾಯಾಲಯವು ತನ್ನ ಮುಂದಿಟ್ಟ ಸಾಕ್ಷ್ಯದ ಮೇಲೆ ತೀರ್ಪು ಕೊಡಬಲ್ಲದೇ ಹೊರತು ಆರೋಪಿಯ ಅಂತರಂಗವನ್ನು ಹೊಕ್ಕು ನೋಡಲಾರದು. ಆ ಅಂತರಂಗಕ್ಕೆ ಎಲ್ಲರಿಗಿಂತ ಹತ್ತಿರ ನಿಂತವನು ವಕೀಲ. ಗೆದ್ದ ಮೇಲೂ ಸಂದೇಹದ ಭಾರ ಅವನ ಹೆಗಲನ್ನು ಬಿಡುವುದಿಲ್ಲ. ಅದನ್ನು ಮುಚ್ಚಿಡದೆ ತೋರಿಸಿದ್ದೇ ನ್ಯಾಯಾಧೀಶರೊಬ್ಬರು ಬರೆದ ಈ ಕಾದಂಬರಿಯ ಪ್ರಾಮಾಣಿಕತೆ.