ಬಿಸಿಲ ವರ್ಷದ ಕೆಂಪು ವೈನ್: ಕಾಲವೇ ಪರೀಕ್ಷಕ

ಹಳೆಯದಾದಷ್ಟೂ ವೈನ್ ಉತ್ತಮವಾಗುತ್ತದೆ ಎಂಬುದು ಅದನ್ನು ಎಂದೂ ಮುಟ್ಟದವರೂ ಆಡುವ ಮಾತು. ಆದರೆ ಈ ಮಾತು ಎಲ್ಲ ವೈನಿಗೂ ಸಲ್ಲುವುದಿಲ್ಲ. ಬಳ್ಳಿಯಲ್ಲಿದ್ದಾಗ ಹಣ್ಣು ಉಂಡ ಬಿಸಿಲಿನ ಪರಿಣಾಮ ಹತ್ತಿಪ್ಪತ್ತು ವರ್ಷಗಳ ಅನಂತರವೂ ಸೀಸೆಯೊಳಗೆ ಕಾಣಿಸಿಕೊಳ್ಳುತ್ತದೆ. ಮದ್ಯದ ಗುಣಗಾನ ಈ ಲೇಖನದ ಉದ್ದೇಶವಲ್ಲ. ಹವೆ, ಮಣ್ಣು ಮತ್ತು ಕಾಲ ಸೇರಿ ಒಂದು ಬೆಳೆಯ ಹಣೆಬರಹವನ್ನು ಹೇಗೆ ಬರೆಯುತ್ತವೆ ಎಂಬುದು ಕೃಷಿಯನ್ನು ನಂಬಿದ ನಮಗೂ ತಿಳಿದಿರಬೇಕಾದ ವಿಷಯ.

ಸೀಸೆಯೊಳಗಿನ ವ್ಯಾಪಾರ

ಕೆಂಪು ವೈನಿನ ಬಣ್ಣ ಮತ್ತು ಚೊಗರು ಮುಖ್ಯವಾಗಿ ಹಣ್ಣಿನ ಸಿಪ್ಪೆ ಹಾಗೂ ಬೀಜದಿಂದ ಬರುತ್ತವೆ. ಎಳೆ ಅಡಿಕೆ ಅಗಿದಾಗ ನಾಲಗೆಯನ್ನು ಹಿಡಿಯುವಂಥದೇ ಈ ಚೊಗರು. ಇದಕ್ಕೆ ಕಾರಣವಾದ ವಸ್ತುವಿಗೆ ಟ್ಯಾನಿನ್ ಎಂದು ಹೆಸರು. ವೈನ್ ಹಳೆಯದಾದಂತೆ ಟ್ಯಾನಿನ್ನಿನ ಕಣಗಳೂ ಬಣ್ಣದ ಕಣಗಳೂ ಒಂದಕ್ಕೊಂದು ಕೂಡಿಕೊಂಡು ದೊಡ್ಡವಾಗುತ್ತವೆ. ಒಂದಷ್ಟು ಗಷ್ಟಾಗಿ ತಳ ಸೇರುತ್ತವೆ. ಆಗ ಚೊಗರು ತಗ್ಗುತ್ತದೆ. ನೇರಳೆಗೆಂಪು ಬಣ್ಣ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ತಾಜಾ ಹಣ್ಣಿನ ಪರಿಮಳ ಹೋಗಿ ಒಣಹಣ್ಣು, ಹೊಗೆಸೊಪ್ಪು, ಚರ್ಮ ಇವನ್ನು ನೆನಪಿಸುವ ವಾಸನೆ ಬರುತ್ತದೆ. ಈ ದೀರ್ಘ ಪ್ರಯಾಣದಲ್ಲಿ ವೈನನ್ನು ಕೆಡದಂತೆ ಕಾಯುವ ಮುಖ್ಯ ಕಾವಲುಗಾರ ಆಮ್ಲ, ಅಂದರೆ ಹುಳಿ.

ಬಿಸಿಲ ವರ್ಷದಲ್ಲಿ ಕೊರತೆ ಬೀಳುವುದು ಇಲ್ಲಿಯೇ. ದ್ರಾಕ್ಷಿಯಲ್ಲಿ ಮುಖ್ಯವಾಗಿ ಎರಡು ಆಮ್ಲಗಳಿವೆ. ಒಂದು ಟಾರ್ಟಾರಿಕ್, ನಮ್ಮ ಹುಣಸೆಹಣ್ಣಿನಲ್ಲಿರುವುದೂ ಇದೇ. ಇದು ಸೆಕೆಯನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತದೆ. ಇನ್ನೊಂದು ಮ್ಯಾಲಿಕ್ ಆಮ್ಲ. ಸೆಕೆ ಹೆಚ್ಚಿದಂತೆ ಹಣ್ಣು ಇದನ್ನು ಉಸಿರಾಟದಲ್ಲಿ ಸುಟ್ಟುಬಿಡುತ್ತದೆ. ಇತ್ತ ಸಕ್ಕರೆ ಏರುತ್ತದೆ. ಹುದುಗಿದ ಮೇಲೆ ಮದ್ಯಸಾರವೂ ಹೆಚ್ಚುತ್ತದೆ. ಸೆಕೆ ಮಿತಿಮೀರಿದರೆ ಬಳ್ಳಿ ನೀರು ಉಳಿಸಲು ಎಲೆಯ ರಂಧ್ರಗಳನ್ನೇ ಮುಚ್ಚಿಕೊಳ್ಳುವುದರಿಂದ ಹಣ್ಣಿನ ಸಹಜ ಪಕ್ವತೆ ಅರ್ಧಕ್ಕೇ ನಿಲ್ಲುತ್ತದೆ. ಬೀಜ ಬಲಿಯುವ ಮೊದಲೇ ರಸ ಸಿಹಿಯಾಗಿರುತ್ತದೆ.

2003ರ ಬೇಸಿಗೆ

ಇದಕ್ಕೆ ಸ್ಪಷ್ಟ ನಿದರ್ಶನ 2003ರ ಫ್ರಾನ್ಸ್. ಆ ಆಗಸ್ಟ್ ತಿಂಗಳ ಸೆಕೆಗೆ ಆ ಒಂದು ದೇಶದಲ್ಲೇ ಸುಮಾರು 15,000 ಜನ ಪ್ರಾಣ ಕಳೆದುಕೊಂಡರು. ಅವರಲ್ಲಿ ವೃದ್ಧರೇ ಹೆಚ್ಚು. ಬರ್ಗಂಡಿ ಪ್ರಾಂತದಲ್ಲಿ 1370ರಿಂದ ಉಳಿದು ಬಂದ ಕೊಯ್ಲಿನ ದಿನಾಂಕಗಳನ್ನು ಲೆಕ್ಕಹಾಕಿದ ವಿಜ್ಞಾನಿಗಳು, ಅಂಥ ಬೇಸಿಗೆ ಅಷ್ಟು ಶತಮಾನಗಳಲ್ಲಿ ಕಾಣದೆಂದು 2004ರಲ್ಲಿ ಪ್ರಕಟಿಸಿದರು. ಬೋರ್ಡೋ ಪ್ರಾಂತದಲ್ಲಿ 1893ರ ಅನಂತರ ಅಷ್ಟು ಬೇಗ ಕೊಯ್ಲು ನಡೆದಿರಲಿಲ್ಲ. ರಸದಲ್ಲಿ ಹುಳಿ ಸಾಲದೆ, ಹೊರಗಿನಿಂದ ಆಮ್ಲ ಸೇರಿಸಲು ಯುರೋಪಿಯನ್ ಒಕ್ಕೂಟ ಆ ವರ್ಷಕ್ಕೆ ವಿಶೇಷ ಅನುಮತಿ ನೀಡಬೇಕಾಯಿತು.

2004ರ ವಸಂತದಲ್ಲಿ ಎಳೆಯ ವೈನನ್ನು ರುಚಿ ನೋಡಿದ ವಿಮರ್ಶಕರಲ್ಲಿ ಭಾರೀ ವಾದವೇ ನಡೆಯಿತು. ಸೇಂತ್ ಎಮಿಲಿಯೋಂನ ಪಾವಿ ತೋಟದ ವೈನನ್ನು ಅಮೆರಿಕದ ರಾಬರ್ಟ್ ಪಾರ್ಕರ್ ಹೊಗಳಿದರೆ, ಇಂಗ್ಲೆಂಡಿನ ಜಾನ್ಸಿಸ್ ರಾಬಿನ್ಸನ್ ಅದನ್ನು ಬೋರ್ಡೋದ ವೈನ್ ಎನ್ನಲೂ ಒಪ್ಪಲಿಲ್ಲ. ಎಳೆಯದರಲ್ಲಿ ಬಿಸಿಲ ವೈನ್ ದಪ್ಪಗೆ, ಸಿಹಿಯಾಗಿ, ಸುಲಭವಾಗಿ ಮನಸ್ಸನ್ನು ಗೆಲ್ಲುತ್ತದೆ. ವರ್ಷಗಳು ಕಳೆದಂತೆ ಹಣ್ಣಿನ ರುಚಿ ಸವೆಯುತ್ತದೆ. ಮದ್ಯಸಾರದ ಉರಿಯೂ ಬಲಿಯದ ಟ್ಯಾನಿನ್ನಿನ ಒರಟೂ ಮಾತ್ರ ಉಳಿಯುತ್ತವೆ. ಆ ವರ್ಷದ ಅನೇಕ ವೈನುಗಳು ಬೇಗನೆ ಮುಪ್ಪಾದವು.

ಎಲ್ಲವೂ ಹಾಗಾಗಲಿಲ್ಲ ಎಂಬುದು ಗಮನಾರ್ಹ. ಜಿರೋಂದ್ ನದೀಮುಖದ ಬಳಿಯ ಸೇಂತ್ ಎಸ್ತೆಫ್ ಗ್ರಾಮದಲ್ಲಿ ಜಲ್ಲಿಯ ಕೆಳಗೆ ನೀರು ಹಿಡಿದಿಡುವ ಜೇಡಿಮಣ್ಣಿದೆ. ಆಳಕ್ಕೆ ಬೇರು ಬಿಟ್ಟ ಹಳೆಯ ಬಳ್ಳಿಗಳಿಗೆ ಬರಗಾಲದಲ್ಲೂ ತೇವ ಸಿಕ್ಕಿತು. ಅಲ್ಲಿಯ ಮೋಂತ್‌ರೋಸ್ ತೋಟದ 2003ರ ವೈನ್ ಇಪ್ಪತ್ತು ವರ್ಷ ಕಳೆದರೂ ಮೆಚ್ಚುಗೆ ಪಡೆಯುತ್ತಿದೆ. ಬೇಗ ಹಣ್ಣಾಗುವ ಮರ್ಲೋ ತಳಿ, ನೀರು ನಿಲ್ಲದ ಮಣ್ಣಿನಲ್ಲಿ ಹೆಚ್ಚು ಬಳಲಿತು. ಬಿಸಿಲು ಎಲ್ಲರಿಗೂ ಒಂದೇ, ಬೇರು ಬೇರೆಬೇರೆ!

ಇದಕ್ಕೂ ಹಿಂದೆ 1947ರಲ್ಲಿ ಇಂಥದೇ ಸೆಕೆ ಬಡಿದಿತ್ತು. ಶೆವಾಲ್ ಬ್ಲಾಂ ತೋಟದ ಆ ವರ್ಷದ ವೈನಿನಲ್ಲಿ ಹುದುಗುವಿಕೆ ಪೂರ್ಣವಾಗದೆ ಸಕ್ಕರೆ ಉಳಿಯಿತು. ವಿನೆಗರಿನಂಥ ಆಮ್ಲದ ಅಂಶವೂ ಹೆಚ್ಚಾಗಿತ್ತು. ಈಗಿನ ಪಾಠದ ಪ್ರಕಾರ ಇವೆಲ್ಲ ದೋಷಗಳೇ. ಆದರೂ ದಶಕಗಳ ಕಾಲ ಬಾಳಿ ಅದು ಶತಮಾನದ ಶ್ರೇಷ್ಠ ವೈನುಗಳಲ್ಲಿ ಒಂದೆನಿಸಿತು. ಪ್ರಕೃತಿ ಒಮ್ಮೊಮ್ಮೆ ನಮ್ಮ ನಿಯಮಗಳನ್ನು ಮೀರುತ್ತದೆ ಎಂಬುದಕ್ಕೆ ಇದೇ ಸಾಕ್ಷಿ.

ಅಪರೂಪ ಈಗ ವಾಡಿಕೆ

ಅಂದು ಅಪರೂಪವಾಗಿದ್ದ ಬಿಸಿಲು ಈಗ ಮತ್ತೆ ಮತ್ತೆ ಬರುತ್ತಿದೆ. 2018, 2022ರ ಬೇಸಿಗೆಗಳೂ ಬಿಸಿಯಾಗಿದ್ದವು. ಬೆಳೆಗಾರರು 2003ರಿಂದ ಪಾಠ ಕಲಿತಿದ್ದಾರೆ: ಗೊಂಚಲಿಗೆ ನೆರಳಾಗುವಂತೆ ಎಲೆ ಉಳಿಸುವುದು, ಹಣ್ಣು ಒಣಗುವ ಮೊದಲೇ ಕೊಯ್ಯುವುದು, ಚೊಗರನ್ನು ಅತಿಯಾಗಿ ಹಿಂಡದಿರುವುದು. 2021ರಲ್ಲಿ ಬದಲಾದ ಹವೆಗೆ ಹೊಂದುವ ಆರು ಹೊಸ ತಳಿಗಳಿಗೆ ಬೋರ್ಡೋದಲ್ಲಿ ಒಪ್ಪಿಗೆ ದೊರೆಯಿತು. ಪೋರ್ಚುಗಲ್ಲಿನ ತೌರಿಗಾ ನಾಸಿಯೊನಾಲ್ ಅವುಗಳಲ್ಲಿ ಒಂದು.

ಮೊದಲ ವರ್ಷದ ಸಿಹಿಯನ್ನು ಕಂಡು ಬೆಳೆಗೆ ಅಂಕ ಕೊಡುವುದು ಸುಲಭ. ಆದರೆ ಇಪ್ಪತ್ತು ವರ್ಷಗಳ ಬಳಿಕ ಸೀಸೆ ತೆರೆದಾಗ ಮಾತಾಡುವುದು ಒಳಗೆ ಉಳಿದ ಹುಳಿ ಮತ್ತು ಆಳಕ್ಕಿಳಿದ ಬೇರು. ಮಕ್ಕಳಿಗೆ ಪಾಠ ಹೇಳುವ ನನ್ನಂಥವರಿಗೂ ಈ ಮಾತು ಒಪ್ಪುತ್ತದೆ.