ಬಸವನಹುಳುವಿನ ಬೆಲೆ

ಮೊಮ್ಮಗಳ ಒತ್ತಾಯಕ್ಕೆ ಮಣಿದು ಮನೆಯಲ್ಲೊಂದು ಮೀನಿನ ತೊಟ್ಟಿ ಇರಿಸಿಕೊಂಡೆ. ಕೆಲವೇ ವಾರಗಳಲ್ಲಿ ಗಾಜಿನ ಮೇಲೆ ಪಾಚಿ ಕಟ್ಟಿತು. ಅಂಗಡಿಯಾತ ಸೂಚಿಸಿದ ಪರಿಹಾರ ‘ಜೀಬ್ರಾ ನೆರೈಟ್’: ಹಳದಿ ಚಿಪ್ಪಿನ ಮೇಲೆ ಕಪ್ಪು ಪಟ್ಟೆಗಳುಳ್ಳ, ಅಡಿಕೆಯಷ್ಟು ಗಾತ್ರದ ಬಸವನಹುಳು. ಒಂದರ ಬೆಲೆ ಮಸಾಲೆದೋಸೆಗಿಂತ ಹೆಚ್ಚಿಲ್ಲ. ಎರಡನ್ನು ತಂದೆವು. ಗಿಡಗಳಿಗೆ ತೊಂದರೆ ಕೊಡದೆ, ಹಗಲಿರುಳೆನ್ನದೆ ಗಾಜು ಕೆರೆಯುವ ಅವುಗಳ ಶ್ರದ್ಧೆಯನ್ನು ಕಂಡಾಗ ಹಳೆಯ ಸಹೋದ್ಯೋಗಿಗಳು ನೆನಪಾದರು. ಹೋಲಿಕೆ ಅವರಿಗೇನೂ ಗೌರವ ತರುವಂಥದ್ದಲ್ಲ.

ಎರಡು ತಿಂಗಳಲ್ಲಿ ಗಾಜು, ಕಲ್ಲುಗಳ ಮೇಲೆಲ್ಲ ಎಳ್ಳಿನಂಥ ಬಿಳಿಯ ಮೊಟ್ಟೆಗಳು ಅಂಟಿಕೊಂಡವು. ಮರಿಗಳನ್ನು ಯಾವ ಗೆಳತಿಯರಿಗೆ ಹಂಚಬೇಕೆಂದು ಮೊಮ್ಮಗಳು ಪಟ್ಟಿಯನ್ನೂ ಸಿದ್ಧಪಡಿಸಿದಳು. ಒಂದೂ ಮರಿಯಾಗಲಿಲ್ಲ.

ಕಾರಣ ಆಮೇಲೆ ಓದಿ ತಿಳಿದದ್ದು. ಈ ಜೀವಿಯ ತವರು ಪೂರ್ವ ಆಫ್ರಿಕಾದ ಅಳಿವೆಗಳು, ಕಾಂಡ್ಲಾ ವನಗಳು; ಇದೇ ಹೆಸರಿನಲ್ಲಿ ಏಷ್ಯಾದ ಅದರ ಬಂಧುಗಳೂ ಮಾರಾಟವಾಗುತ್ತವೆ. ಮೊಟ್ಟೆಯೊಡೆದ ಕಣ್ಣಿಗೆ ಕಾಣದಷ್ಟು ಸಣ್ಣ ಮರಿ ಹೊಳೆಯ ಹರಿವಿನೊಡನೆ ಕಡಲು ಸೇರಿ, ಉಪ್ಪುನೀರಿನಲ್ಲಿ ತೇಲುತ್ತ ಬೆಳೆದು, ಅನಂತರವೇ ನದೀಮುಖಕ್ಕೆ ಮರಳಬೇಕು. ಸಿಹಿನೀರಿನ ತೊಟ್ಟಿಯಲ್ಲಿ ಅದಕ್ಕೆ ಬದುಕಿಲ್ಲ.

ಹವ್ಯಾಸಿಗಳು ಇದನ್ನು ಗುಣವೆಂದೇ ಹೊಗಳುತ್ತಾರೆ. ಅದರಲ್ಲಿ ಅರ್ಥವಿಲ್ಲದಿಲ್ಲ. ದಕ್ಷಿಣ ಅಮೆರಿಕದ ಆಪಲ್ ಸ್ನೇಲ್ ಅನ್ನು 1980ರ ಸುಮಾರಿಗೆ ಆಹಾರಕ್ಕೆಂದು ತೈವಾನಿಗೆ ತಂದರು. ಅದು ಗದ್ದೆಗಿಳಿದು ಏಷ್ಯಾದ ಹಲವೆಡೆ ಭತ್ತಕ್ಕೆ ಪಿಡುಗಾಯಿತು. ಐರೋಪ್ಯ ಒಕ್ಕೂಟವು 2012ರಲ್ಲಿ ಆ ಕುಲವನ್ನೇ ನಿಷೇಧಿಸಿತು. ನಮ್ಮ ಕೆರೆಗಳಿಗೆ ನೆರೈಟ್‌ನಿಂದ ಆ ಭಯವಿಲ್ಲ. ಆದರೆ ತೊಟ್ಟಿಯಲ್ಲಿ ಹುಟ್ಟದಿರುವುದರ ಇನ್ನೊಂದು ಅರ್ಥವನ್ನು ಅಂಗಡಿಯಾತ ಹೇಳುವುದಿಲ್ಲ: ಮಾರುಕಟ್ಟೆಗೆ ಬರುವ ನೆರೈಟ್‌ಗಳಲ್ಲಿ ಬಹುಪಾಲು ಯಾವುದೋ ಅಳಿವೆಯಿಂದ ಹೆಕ್ಕಿ ತಂದವು.

ಎಲ್ಲರಿಗೂ ಸೇರಿದ ಮೀನನ್ನು ಯಾರೂ ಉಳಿಸಲಾರರೇಕೆ ಎಂಬುದನ್ನು ಕೆನಡಾದ ಅರ್ಥಶಾಸ್ತ್ರಜ್ಞ ಎಚ್. ಸ್ಕಾಟ್ ಗಾರ್ಡನ್ 1954ರಲ್ಲೇ ವಿವರಿಸಿದ್ದರು. ಎಂ.ಎ. ತರಗತಿಯಲ್ಲಿ ಅದನ್ನು ಓದಿ ಅಂಕ ಪಡೆದವನು ನಾನು. ಮುಂದೆ ಸೇವೆಯಲ್ಲಿದ್ದಾಗ ಹೊಳೆಯ ಮರಳಿನ ಕಡತಗಳಿಗೆ ಸಹಿ ಹಾಕಿದೆ. ಅಗೆಯುವ ಕೂಲಿ, ಸಾಗಣೆ, ರಾಜಧನ ಎಲ್ಲದಕ್ಕೂ ಅಲ್ಲಿ ಅಂಕಣಗಳಿದ್ದವು. ಹೊಳೆಯು ಅಷ್ಟು ಮರಳನ್ನು ಮತ್ತೆ ತರಲು ತಗಲುವ ಕಾಲಕ್ಕೆ ಅಂಕಣವಿರಲಿಲ್ಲ. ಮಸಾಲೆದೋಸೆಯ ಬೆಲೆಯ ಈ ಹುಳುವಿನ ಲೆಕ್ಕವೂ ಅದೇ ಮಾದರಿಯದು.

ಕಳೆದ ತಿಂಗಳು ಒಂದು ಸತ್ತಿತು. ಹೊಸ ಸರಕು ಬಂದಿದೆಯೆಂದು ಅಂಗಡಿಯಾತ ಹೇಳಿದ. ನಾನು ಗಾಜು ಕೆರೆಯುವ ಪಟ್ಟಿಯೊಂದನ್ನು ಕೊಂಡು ಬಂದೆ. ಮೊಮ್ಮಗಳಿಗೆ ಅಸಮಾಧಾನವಿದೆ. ಉಳಿದ ಒಂದು ಹುಳು ಈಗಲೂ ಮೊಟ್ಟೆ ಇಡುತ್ತಿದೆ. ವಾರಕ್ಕೊಮ್ಮೆ ನಾನು ಅವನ್ನು ಕೆರೆದು ತೆಗೆಯುತ್ತೇನೆ.